ಹದಿನೈದೂವರೆ ಚದರ ಅಂದ್ರೆ ಎಷ್ಟು ಗುಂಟೆ?

ಬೆಂಗಳೂರಿಂದ ಮೈಸೂರಿಗೆ ಹೊರಟರೆ ಚನ್ನಪಟ್ಟಣ ದಾಟಿ, ಮಂಡ್ಯ ಜಿಲ್ಲೆಗೆ ಕಾಲಿಟ್ಟ ಕೂಡಲೇ ಸಿಗೋ ಊರು ನಿಡಘಟ್ಟ. ಮದ್ದೂರು ತಾಲ್ಲೂಕು. ದಶಪಥ ಹೆದ್ದಾರಿಯ ಕಾಮಗಾರಿಯನ್ನ ಎರಡು ಪ್ಯಾಕೇಜ್ ಮಾಡಿದ್ರಲ್ಲ, ಗೆರೆ ಎಳೆದಿದ್ದು ಇಲ್ಲೇ. ಬೆಂಗಳೂರು–ನಿಡಘಟ್ಟ ಒಂದು, ನಿಡಘಟ್ಟ–ಮೈಸೂರು ಇನ್ನೊಂದು. ಹಾಗಾಗಿ ವರ್ಷಗಟ್ಟಲೆ ಸುದ್ದಿಯಲ್ಲಿ ಈ ಊರಿನ ಹೆಸರನ್ನ ನಾನು ಓದಿದ್ದೇ ಓದಿದ್ದು. ಇಳಿದು ಟೀ ಕುಡಿದಿದ್ದು ಮಾತ್ರ ಒಂದೇ ಸಲ.

ಸರ್ವೀಸ್ ರೋಡಿನ ಟೀ ಅಂಗಡಿ. ಹೆಗಲ ಮೇಲೆ ಟವೆಲ್ ಹಾಕ್ಕೊಂಡ ಯಜಮಾನರೊಬ್ಬರು ನನ್ನ ಮುಖವನ್ನೇ ನೋಡ್ತಾ ಇದ್ದರು. ಆಮೇಲೆ ಹತ್ತಿರ ಬಂದರು.

"ಸಾರ್, ನೀವು ಟೀವಿಲಿ ಬರೋರಲ್ವಾ? ಒಂದು ಮಾತು ಕೇಳ್ತೀನಿ. ನನ್ ಮಗ ಬೆಂಗ್ಳೂರಲ್ಲಿ ಫ್ಲಾಟ್ ತಗತೀನಿ ಅಂತ ಕುಂತವ್ನೆ. ಮೂರು ರೂಮಿಂದು, ಹದಿನೈದೂವರೆ ಚದರ ಐತಂತೆ. ಎರಡು ರೂಮಿಂದು ಸಾಕಲ್ವಾ ಅಂದ್ರೆ, ನೀವು ಬಂದ್ರೆ ಎಲ್ಲಿ ಮಲಗ್ತೀರಾ ಅಂತಾನೆ. ದುಡ್ಡು ಸಾಲ್ದು, ತೋಟದಲ್ಲಿ ಹತ್ತು ಗುಂಟೆ ಮಾರ್ಬುಡಪ್ಪ ಅಂತಾನೆ. ಏನ್ ಮಾಡದು?"

ವೀಕ್ಷಕರೇ, ಇದು ಆ ಯಜಮಾನರೊಬ್ಬರ ಪ್ರಶ್ನೆ ಅಲ್ಲ. ಮಂಡ್ಯ, ಹಾಸನ, ತುಮಕೂರು ಕಡೆಯಿಂದ ಬಂದು ಬೆಂಗಳೂರಲ್ಲಿ ಸಂಬಳ ತಗೊಳ್ಳೋ ಎಷ್ಟೋ ಮನೆಗಳಲ್ಲಿ ರಾತ್ರಿ ಊಟ ಆದ್ಮೇಲೆ ನಡೆಯೋ ಮಾತು ಇದೇ. ಎರಡು ಬೆಡ್‌ರೂಮಾ, ಮೂರಾ? ಹೀಗಾಗಿ ಅವತ್ತು ಅವರ ಜೊತೆ ಕೂತು ಹಾಕಿದ ಲೆಕ್ಕವನ್ನೇ ಇಲ್ಲಿ ಹೇಳ್ತೀನಿ.

ಮೊದಲು ಅಳತೆ. ನಮ್ಮ ಕಡೆ ಮನೆ ಲೆಕ್ಕ ಚದರದಲ್ಲಿ. ಒಂದು ಚದರ ಅಂದ್ರೆ 100 ಚದರ ಅಡಿ. ಹದಿನೈದೂವರೆ ಚದರ ಅಂದ್ರೆ 1,550 ಚದರ ಅಡಿ. ಒಂದು ಗುಂಟೆ 1,089 ಚದರ ಅಡಿ. ಆ ಲೆಕ್ಕದಲ್ಲಿ ಒಂದೂವರೆ ಗುಂಟೆಗೆ ಹತ್ತಿರ ಹತ್ತಿರ. "ಪರವಾಗಿಲ್ವೇ, ದೊಡ್ಡದೇ" ಅಂದರು ಯಜಮಾನರು.

ಅಲ್ಲೇ ಇರೋದು ಸಮಸ್ಯೆ. ಊರಲ್ಲಿ ಹದಿನೈದು ಚದರದ ಮನೆ ಕಟ್ಟಿಸಿದ್ರೆ ಅಷ್ಟೂ ನಿಮ್ಮ ಕಣ್ಣ ಮುಂದೆ ಇರುತ್ತೆ. ಫ್ಲಾಟ್‌ನವರು ಹೇಳೋ 1,550 ಸೂಪರ್ ಬಿಲ್ಟ್ ಅಪ್. ಅದರಲ್ಲಿ ಲಿಫ್ಟು, ಮೆಟ್ಟಿಲು, ಕಾರಿಡಾರು, ಕೆಳಗಡೆ ಲಾಬಿ, ಕ್ಲಬ್ ಹೌಸು, ಗೋಡೆಯ ದಪ್ಪ ಎಲ್ಲದರಲ್ಲೂ ನಿಮ್ಮ ಪಾಲು ಸೇರಿಸಿರ್ತಾರೆ. ಮನೆ ಬಾಗಿಲು ಹಾಕಿಕೊಂಡ್ಮೇಲೆ ಒಳಗೆ ಕಾಲಿಡೋಕೆ ಸಿಗೋದು ಕಾರ್ಪೆಟ್ ಏರಿಯಾ. ಅದು ಆ ಅಂಕಿಯ ಶೇಕಡ 70ರಷ್ಟಿದೆ ಅಂತ ಇಟ್ಕೊಳ್ಳಿ. 1,550ರ ಮನೆಯಲ್ಲಿ 1,085 ಚದರ ಅಡಿ. ಅಂದ್ರೆ ಒಂದು ಗುಂಟೆ. ಎರಡು ರೂಮಿನದು 1,150 ಅಂತ ಇದ್ರೆ ಒಳಗೆ ಸಿಗೋದು 805. ಅದು ಮುಕ್ಕಾಲು ಗುಂಟೆ.

ರೇರಾ ಕಾನೂನು ಇರೋದು ಈ ಗೊಂದಲಕ್ಕೇ. 2016ರ ಕಾಯ್ದೆ ಕಾರ್ಪೆಟ್ ಏರಿಯಾ ಅಂದ್ರೆ ಏನು ಅಂತ ಬರೆದೇ ಇಟ್ಟಿದೆ. ಮನೆಯೊಳಗಿನ ಅಡ್ಡಗೋಡೆಗಳು ಸೇರುತ್ತೆ. ಹೊರಗೋಡೆ, ಪೈಪು ಹೋಗೋ ಡಕ್ಟು, ನಿಮ್ಮದೇ ಬಾಲ್ಕನಿ, ತೆರೆದ ತಾರಸಿ ಇವ್ಯಾವೂ ಸೇರಲ್ಲ. ಕರಾರು ಪತ್ರದಲ್ಲಿ ಈ ಅಂಕಿ ಇರಲೇಬೇಕು. ಬ್ರೋಷರ್‌ನಲ್ಲಿ ದಪ್ಪಕ್ಷರದಲ್ಲಿರೋದನ್ನ ಬಿಡಿ, ಇದನ್ನ ಕೇಳಿ. ಇನ್ನೊಂದು ಮಾತು. ನೋಂದಾಯಿತ ಕರಾರು ಆಗೋ ಮುಂಚೆ ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಹಣ ತಗೊಳ್ಳೋ ಹಾಗಿಲ್ಲ. ಅದೂ ಅದೇ ಕಾಯ್ದೆಯಲ್ಲಿದೆ.

ಈಗ ದುಡ್ಡು. ಚದರ ಅಡಿಗೆ 7,000 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಕೊಳ್ಳೋಣ. ಜಾಗ ಬದಲಾದ್ರೆ ರೇಟು ಬದಲಾಗುತ್ತೆ, ಲೆಕ್ಕ ಹಾಕೋ ರೀತಿ ಬದಲಾಗಲ್ಲ. ಎರಡು ರೂಮಿನದಕ್ಕೆ 80.5 ಲಕ್ಷ. ಮೂರು ರೂಮಿನದಕ್ಕೆ 1 ಕೋಟಿ 8.5 ಲಕ್ಷ. ವ್ಯತ್ಯಾಸ 28 ಲಕ್ಷ. ಒಂದು ರೂಮಿಗೆ!

ಬ್ಯಾಂಕ್ ಪೂರ್ತಿ ಕೊಡಲ್ಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ. 80ರವರೆಗೆ ಸಿಗಬಹುದು, ಸಾಲ 75 ಲಕ್ಷ ದಾಟಿದ್ರೆ ಶೇ. 75 ಮಾತ್ರ. ಎರಡು ರೂಮಿನ ಮನೆಗೆ ಕೈಯಿಂದ ಹಾಕಬೇಕಾದ್ದು 16 ಲಕ್ಷ. ಮೂರು ರೂಮಿನದಕ್ಕೆ 27 ಲಕ್ಷ. ನೋಡಿ, ಮನೆ ದೊಡ್ಡದಾಗ್ತಿದ್ದ ಹಾಗೆ ಬ್ಯಾಂಕಿನ ಕೈ ಬಿಗಿಯಾಗುತ್ತೆ, ಅಪ್ಪನ ಜೇಬು ಸಡಿಲ ಆಗ್ಬೇಕಾಗುತ್ತೆ. ಇದರ ಮೇಲೆ ಮುದ್ರಾಂಕ ಶುಲ್ಕ, ನೋಂದಣಿ, ಕಟ್ತಾ ಇರೋ ಮನೆಯಾದ್ರೆ ಶೇ. 5 ಜಿಎಸ್‌ಟಿ. ಹೆಚ್ಚುವರಿ 28 ಲಕ್ಷಕ್ಕೇ ಇವೆಲ್ಲ ಸೇರಿ ಮೂರು ಲಕ್ಷ ದಾಟುತ್ತೆ. ಒಟ್ಟು ಹದಿನಾಲ್ಕು ಲಕ್ಷ ಚಿಲ್ಲರೆ. ತೋಟದ ಹತ್ತು ಗುಂಟೆ ಹೋಗೋದು ಇಲ್ಲಿಗೆ.

ಉಳಿದ 17 ಲಕ್ಷ ಸಾಲ. ಇಪ್ಪತ್ತು ವರ್ಷ, ಶೇ. 8.5 ಬಡ್ಡಿ ಅಂದ್ರೆ ಮೂರನೇ ರೂಮಿಗಾಗಿಯೇ ತಿಂಗಳಿಗೆ ಸುಮಾರು 14,700 ರೂಪಾಯಿ ಹೆಚ್ಚು ಕಂತು. ಮೇಂಟೆನೆನ್ಸ್ ಚದರ ಅಡಿಗೆ 5 ರೂಪಾಯಿ ಇದ್ರೆ ಚಿಕ್ಕ ಮನೆಗೆ 5,750, ದೊಡ್ಡ ಮನೆಗೆ 7,750. ಈ 7,500ರ ಗೆರೆ ನೆನಪಿಟ್ಟುಕೊಳ್ಳಿ. ಸಂಘದ ವಾರ್ಷಿಕ ವಹಿವಾಟು 20 ಲಕ್ಷ ಮೀರಿದ್ದು, ತಿಂಗಳ ಮೇಂಟೆನೆನ್ಸ್ 7,500 ದಾಟಿದ್ರೆ ಶೇ. 18 ಜಿಎಸ್‌ಟಿ ಬೀಳುತ್ತೆ. 7,750 ಆಗ 9,145 ಆಯ್ತು. ಕಂತು ಇಪ್ಪತ್ತು ವರ್ಷಕ್ಕೆ ಮುಗಿಯುತ್ತೆ, ಮೇಂಟೆನೆನ್ಸ್ ಮುಗಿಯಲ್ಲ.

ಎರಡೂ ಸೇರಿ ತಿಂಗಳಿಗೆ 18,000 ಹೆಚ್ಚು. ವರ್ಷಕ್ಕೆ 2 ಲಕ್ಷ 17 ಸಾವಿರ.

"ಯಜಮಾನ್ರೇ, ಹೋದ ವರ್ಷ ಮಗನ ಮನೇಲಿ ಎಷ್ಟು ರಾತ್ರಿ ಮಲಗಿದ್ರಿ?" ಅಂತ ಕೇಳಿದೆ.

ಬೆರಳು ಮಡಿಸಿದರು. ಮೊಮ್ಮಗನ ನಾಮಕರಣಕ್ಕೆ ನಾಲ್ಕು. ಕಣ್ಣಿನ ಆಪರೇಷನ್‌ಗೆ ಹನ್ನೆರಡು. ದಸರಾ ರಜೆಯಲ್ಲಿ ನಾಲ್ಕು. "ಇಪ್ಪತ್ತು ಅನ್ಕಳಿ. ಹಸ ಕಟ್ಕೊಂಡು ಹೆಂಗ್ ಸಾರ್ ಹೋಗದು? ಡೈರಿಗೆ ಹಾಲು ಹಾಕೋರ್ಯಾರು?"

ಇಪ್ಪತ್ತು ರಾತ್ರಿಗೆ 2 ಲಕ್ಷ 17 ಸಾವಿರ. ಒಂದು ರಾತ್ರಿಗೆ ಹತ್ತು ಸಾವಿರದ ಎಂಟುನೂರು. ಆ ದುಡ್ಡಿಗೆ ಬೆಂಗಳೂರಿನ ದೊಡ್ಡ ಹೋಟೆಲಲ್ಲೇ ರೂಮ್ ಸಿಗುತ್ತೆ, ಬೆಳಿಗ್ಗೆ ತಿಂಡಿನೂ ಕೊಡ್ತಾರೆ. ಯಜಮಾನರು ನಕ್ಕರು. ಆದ್ರೆ ಪೂರ್ತಿ ನಗಲಿಲ್ಲ.

ಇಲ್ಲಿ ರಸ್ತೆಯ ವಿಚಾರವೂ ಬರುತ್ತೆ. 2023ರ ಮಾರ್ಚ್ 12ರಂದು ಪ್ರಧಾನಿ ಈ ಹೆದ್ದಾರಿ ಉದ್ಘಾಟಿಸಿದರು. ಮೊದಲು ಬಿಡದಿ, ರಾಮನಗರ, ಚನ್ನಪಟ್ಟಣದ ಟ್ರಾಫಿಕ್ ದಾಟೋದ್ರಲ್ಲೇ ಅರ್ಧ ದಿನ ಹೋಗ್ತಿತ್ತು, ಬಂದವರು ನಾಲ್ಕು ದಿನ ಉಳಿದೇ ಹೋಗ್ತಿದ್ರು. ಈಗ ಬೆಳಿಗ್ಗೆ ಬಂದು ಸಂಜೆ ಹಾಲು ಕರೆಯೋ ಹೊತ್ತಿಗೆ ವಾಪಸ್. ಮಗನೂ ಅಷ್ಟೇ, ಶನಿವಾರ ಹೊರಟರೆ ಊಟಕ್ಕೆ ಊರಲ್ಲಿ. (ಬೈಕಲ್ಲಿ ಬಂದ್ರೆ ಸರ್ವೀಸ್ ರೋಡೇ ಗತಿ. 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕಿಗೆ ಪ್ರವೇಶ ಇಲ್ಲ.) ಅದಕ್ಕೇ ನಿಡಘಟ್ಟದವರಿಗೆ ನಾನು ಹೇಳೋದು, ಹದಿನೈದೂವರೆ ಚದರ ಹುಡುಕ್ಕೊಂಡು ಊರಿನ ಆ ತುದಿಗೆ ಹೋಗೋ ಬದಲು, ಮೈಸೂರು ರಸ್ತೆಯ ಈ ಕಡೆಯಲ್ಲೇ ಹನ್ನೊಂದು ಚದರ ನೋಡಿ. ಮೆಟ್ರೋ ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದವರೆಗೂ ಬಂದಿದೆ. ವೈಟ್‌ಫೀಲ್ಡ್‌ನಲ್ಲಿ ಕೆಲಸ ಇದ್ರೂ ಒಂದೇ ರೈಲು. ದಿನಾ ಎರಡು ಗಂಟೆ ಕಾರಲ್ಲಿ ಕಳೆಯೋನಿಗೆ ದೊಡ್ಡ ಹಾಲ್ ಇದ್ದೇನು ಉಪಯೋಗ?

ಹಾಗಂತ ಚಿಕ್ಕದೇ ಒಳ್ಳೇದು ಅಂತಲ್ಲ. ಒಂದು ಬೆಡ್‌ರೂಮ್ ಮನೆ ಬಾಡಿಗೆಗೆ ಸರಿ, ಸಾಲ ಮಾಡಿ ಕೊಳ್ಳೋಕಲ್ಲ. ಮಗು ಹುಟ್ಟಿ ಎರಡು ವರ್ಷಕ್ಕೆ ಇಕ್ಕಟ್ಟಾಗುತ್ತೆ. ಬೆಳೆದ ಗಂಡು ಮಗ, ಹೆಣ್ಣು ಮಗಳು ಇದ್ರೆ ಮೂರು ರೂಮು ಬೇಕು. ಗಂಡ ಹೆಂಡತಿ ಇಬ್ಬರೂ ಮನೆಯಿಂದಲೇ ಕೆಲಸ ಮಾಡ್ತಾರೆ ಅಂದ್ರೂ ಬೇಕು. ಇನ್ನು ಈಗೀಗ 1,250ರಲ್ಲೇ ಮೂರು ರೂಮು ಅಂತ ಮಾರ್ತಾರಲ್ಲ, ಅದು ನನಗೆ ಸುತಾರಾಂ ಇಷ್ಟ ಇಲ್ಲ. ಆರಡಿ ಅಗಲದ ಮಂಚ, ಎರಡಡಿ ಆಳದ ಬೀರು ಇಟ್ರೆ ಒಂಬತ್ತಡಿ ರೂಮಲ್ಲಿ ಉಳಿಯೋದು ಒಂದಡಿ. ವಯಸ್ಸಾದವರು ರಾತ್ರಿ ಎದ್ದು ಬಚ್ಚಲಿಗೆ ಹೋಗೋದು ಹೇಗೆ?

ಯಜಮಾನರು ಅದನ್ನೇ ಕೇಳಿದರು. ಟೀ ಲೋಟ ಕೆಳಗಿಟ್ಟು, ಸ್ವಲ್ಪ ಹೊತ್ತು ರಸ್ತೆ ಕಡೆ ನೋಡಿ. "ಇವತ್ತು ಹಸ ಐತೆ, ಸರಿ. ನಾಳೆ ನಮ್ ಕೈಲಾಗ್ದೆ ಹೋದ್ರೆ? ಅವ್ಳು ಮೊದ್ಲು ಹೋದ್ರೆ?"

ಇದಕ್ಕೆ ಚದರ ಅಡಿಯಲ್ಲಿ ಉತ್ತರ ಇಲ್ಲ. ಆದ್ರೂ ನನಗೆ ತೋಚಿದ್ದು ಹೇಳಿದೆ. ಇನ್ನು ಎರಡು ಮೂರು ವರ್ಷದಲ್ಲಿ ಖಂಡಿತ ಮಗನ ಜೊತೆಗೇ ಇರ್ತೀರಿ ಅನ್ನೋದಾದ್ರೆ ಮೂರನೇ ರೂಮು ಹೋಟೆಲ್ ಲೆಕ್ಕ ಅಲ್ಲ, ಅದು ನಿಮ್ಮ ಮನೆ. ತಗೊಳ್ಳಲಿ. ಅದು ಹತ್ತು ಹದಿನೈದು ವರ್ಷದ ಮಾತಾದ್ರೆ, ಎರಡನೇ ರೂಮನ್ನ ಸರಿಯಾಗಿ ಆರಿಸಿ. ಹತ್ತಕ್ಕೆ ಹನ್ನೊಂದಾದ್ರೂ ಇರಲಿ. ಬಚ್ಚಲು ಅದಕ್ಕೆ ಅಂಟಿಕೊಂಡಿರಲಿ, ಕಮೋಡ್ ಇರಲಿ. ಲಿಫ್ಟ್‌ಗೆ ಜನರೇಟರ್ ಇದೆಯಾ ಕೇಳಿ. ಮೊಮ್ಮಗ ಅಜ್ಜಿ ಪಕ್ಕ ಮಲಗ್ತಾನೆ, ಬಿಡಿ. ಅಷ್ಟರೊಳಗೆ ತೋಟದ ಹತ್ತು ಗುಂಟೆ ನಿಮ್ಮ ಹೆಸರಲ್ಲೇ ಇದ್ರೆ, ಆಗ ಮಾರಬಹುದು. ಇವತ್ತು ಮಾರಿದ್ದನ್ನ ಆಗ ವಾಪಸ್ ತರೋಕಾಗಲ್ಲ.

"ಫ್ಲಾಟ್ ಜೊತೆ ನೆಲ ಎಷ್ಟ್ ಬತ್ತದೆ?" ಅಂದರು. ರೈತರಲ್ವಾ, ಸರಿಯಾದ ಜಾಗಕ್ಕೇ ಬಂದರು. ಅದಕ್ಕೆ ಅವಿಭಜಿತ ಪಾಲು ಅಂತಾರೆ, ಬಿಲ್ಡರ್‌ಗಳ ಬಾಯಲ್ಲಿ ಯುಡಿಎಸ್. ಒಂದು ಎಕರೆಯಲ್ಲಿ 80 ಮನೆ ಕಟ್ಟಿದ್ರೆ ಸರಾಸರಿ ಒಂದು ಮನೆಗೆ ಅರ್ಧ ಗುಂಟೆ. ಕಟ್ಟಡ ಹಳೇದಾಗ್ತಾ ಹೋಗುತ್ತೆ, ಉಳಿಯೋದು ಈ ನೆಲ. ಕ್ರಯಪತ್ರದಲ್ಲಿ ಆ ಅಂಕಿ ನೋಡದೆ ಸಹಿ ಹಾಕಬೇಡಿ ಅಂದೆ.

"ಹತ್ತು ಗುಂಟೆ ಕೊಟ್ಟು ಅರ್ಧ ಗುಂಟೆನಾ..." ಅಂತ ತಮಗೆ ತಾವೇ ಅಂದುಕೊಂಡರು.

ಹೊರಡೋ ಮುಂಚೆ ಒಂದು ಕೆಲಸ ಹೇಳಿದೆ. ಮಗ ಮುಂದಿನ ಸಲ ಬಂದಾಗ ಎರಡೂ ಫ್ಲಾಟಿನ ನಕ್ಷೆ ತರಲಿ. ಕಣದಲ್ಲಿ ಗೂಟ ಹೊಡೆದು ಹಗ್ಗ ಕಟ್ಟಿ, ಇಲ್ಲಾಂದ್ರೆ ಸುಣ್ಣದಲ್ಲಿ ಗೆರೆ ಎಳೆಯಿರಿ. ಕಾರ್ಪೆಟ್ ಅಳತೆಯಲ್ಲೇ. ಇದು ಹಾಲ್, ಇದು ಅಡುಗೆಮನೆ, ಇದು ರೂಮು. ಮಂಚ ತಂದು ಇಡಿ. ರಾಗಿ ಮೂಟೆ, ತೆಂಗಿನಕಾಯಿ ಎಲ್ಲಿಡೋದು ಅಂತ ಸೊಸೆಯನ್ನೇ ಕೇಳಿ, ಆ ಮನೇಲಿ ದಿನವೆಲ್ಲ ಓಡಾಡೋರು ಅವರು.

ಯಜಮಾನರು ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡರು. "ಆ ಬಾಲ್ಕನಿ ಅಂತಾರಲ್ಲ, ಅದು ಎಷ್ಟಡಿ ಇರ್ತದೆ?"

"ನಾಲ್ಕು, ಕೆಲವು ಕಡೆ ಐದು."

"ನನ್ ಮಂಚ ಮೂರಡಿ" ಅಂದರು.