ಹತ್ತಿ ಮಿಲ್ಲಿನೊಳಗೊಂದು ತಂಪು ಕಚೇರಿ

ಎತ್ತರದ ಚಾವಣಿ, ದಪ್ಪ ಗೋಡೆ, ಮುಂದೆ ಹತ್ತಿ ರಾಶಿ ಹಾಕುವಷ್ಟು ಅಂಗಳ: ಹಳೆಯ ಜಿನ್ನಿಂಗ್ ಮಿಲ್ಲೆಂದರೆ ಹೆಚ್ಚುಕಡಿಮೆ ಇಷ್ಟೇ. ಇಂಥ ಮಿಲ್ಲುಗಳ ಊರು ರಾಯಚೂರು: 1871ರಲ್ಲಿ ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ಇಲ್ಲೇ ಕೂಡಿದವು. ಮಲ್ಲಟ, ಮಾನ್ವಿ, ದೇವದುರ್ಗ ಸೀಮೆಗೆ ಇದೇ ಹತ್ತಿ ಪೇಟೆ. ಯಂತ್ರ ನಿಂತ ಮಿಲ್ಲನ್ನು ಕೆಡವಿ ಗಾಜಿನ ಕಟ್ಟಡ ಎಬ್ಬಿಸುವುದು ಎಲ್ಲ ಊರಿನ ವಾಡಿಕೆ. ಕೆಡವದೆ ಕಚೇರಿ ಮಾಡಿಕೊಳ್ಳುವುದು ಬೇರೆಯೇ ಕಸುಬು.

ಈ ಕಸುಬಿನ ಹೆಸರಾಂತ ಮಾದರಿ ಬಾರ್ಸಿಲೋನಾದ ಅಂಚಿನಲ್ಲಿದೆ. ವಾಸ್ತುಶಿಲ್ಪಿ ರಿಕಾರ್ಡೊ ಬೋಫಿಲ್ 1973ರಲ್ಲಿ ಪಾಳುಬಿದ್ದ ಸಿಮೆಂಟ್ ಕಾರ್ಖಾನೆಯೊಂದನ್ನು ಹಿಡಿದರು. ಮೂವತ್ತಕ್ಕೂ ಹೆಚ್ಚು ಸಿಮೆಂಟ್ ಗೋಪುರಗಳಲ್ಲಿ ಎಂಟನ್ನು ಉಳಿಸಿಕೊಂಡು ಅವುಗಳೊಳಗೆ ಕಚೇರಿ ಮಾಡಿದರು. ಸುತ್ತ ನೀಲಗಿರಿ, ತಾಳೆ, ಆಲಿವ್ ಬೆಳೆಸಿದರು. ಬೆಂಗಳೂರಿನ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಥೆ ತಿರುಗುಮುರುಗು. 2002ರಲ್ಲಿ ಕಾರ್ಖಾನೆ ಮುಚ್ಚಿತು, ಯಾರೂ ನೆಡದೆಯೂ ಆವರಣ ಕಾಡಾಯಿತು. ಈಗ ಅಲ್ಲಿ ವೃಕ್ಷೋದ್ಯಾನದ ಯೋಜನೆ ನಡೆದಿದೆ.

ರಾಯಚೂರಿನಂಥ ಊರಲ್ಲಿ ಮೊದಲ ಕೆಲಸ ಚಾವಣಿಯದು. ಸೆಕೆಯ ದೊಡ್ಡ ಪಾಲು ಇಳಿಯುವುದು ಪತ್ರಾಸಿನ ಮೂಲಕವೇ. ಮೇಲೆ ಬಿಳಿ ಬಣ್ಣ, ಕೆಳಗೆ ಶಾಖ ತಡೆಯುವ ಪದರ ಕೊಟ್ಟರೆ ಒಳಗಿನ ಉಷ್ಣತೆ ಕೆಲವು ಡಿಗ್ರಿ ಇಳಿಯುತ್ತದೆ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ನೀತಿ ತಂದಿದೆ. ಹೊದಿಕೆ ಕಲ್ನಾರಿನದಾಗಿದ್ದರೆ ಕೊರೆಯುವುದು, ಒಡೆಯುವುದು ಕೂಡದು. ಒದ್ದೆ ಮಾಡಿ ಇಡಿಯಾಗಿ ಇಳಿಸಬೇಕು, ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಬೆಳಕಿನದು ಸ್ವಲ್ಪ ಸೂಕ್ಷ್ಮ. ಗಿರಣಿಗಳ ಗರಗಸದ ಹಲ್ಲಿನಂಥ ಚಾವಣಿಯಲ್ಲಿ ಗಾಜು ಉತ್ತರಕ್ಕಿರುತ್ತದೆ, ನೇರ ಬಿಸಿಲು ಬಾರದಿರಲೆಂದು. ಯುರೋಪಿಗೆ ಅದು ಸರಿ. ಆದರೆ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ರಾಯಚೂರಿನ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಗಾಜಿನ ಮೇಲೊಂದು ಗಿಡ್ಡ ಛಜ್ಜಾ ಇಲ್ಲದಿದ್ದರೆ ಬಿಸಿಲು ನೇರ ಮೇಜಿನ ಮೇಲೆ.

ದಪ್ಪ ಗೋಡೆ ಹಗಲಿನ ಕಾವನ್ನು ಹೀರಿಕೊಂಡು ತಡವಾಗಿ ಬಿಡುತ್ತದೆ. ರಾತ್ರಿ ಮೇಲಿನ ಗವಾಕ್ಷಿ, ಕೆಳಗಿನ ಕಿಟಕಿ ಎರಡನ್ನೂ ತೆರೆದಿಟ್ಟರೆ ಬಿಸಿಗಾಳಿ ಮೇಲೆ ಹೋಗಿ ಗೋಡೆ ಮರುದಿನಕ್ಕೆ ತಣ್ಣಗಾಗುತ್ತದೆ. ಹಳೆಯ ಫ್ಯಾನು ಸುಮಾರು 75 ವಾಟ್ ಉಣ್ಣುವಲ್ಲಿ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು. ಎಸಿ ಬೇಕೇ ಬೇಕೆಂದರೆ ಒಂದೊಂದು ಡಿಗ್ರಿ ಏರಿಸಿದಷ್ಟೂ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಸುಡುವುದನ್ನು ಕಣ್ಣಾರೆ ಕಂಡ ಜಿಲ್ಲೆಗೆ ಈ ಲೆಕ್ಕ ಹೊಸದೇನಲ್ಲ.

ಹಸಿರಿಗೆ ಜಾಗ ಅಂಗಳ. ಹತ್ತಿ ಒಟ್ಟಲೆಂದು ಬೋಳಾಗಿಟ್ಟ ನೆಲದಲ್ಲಿ, ಸಂಜೆ ಬಿಸಿಲು ಹೊಡೆಯುವ ಪಶ್ಚಿಮಕ್ಕೆ ಬೇವು, ಹೊಂಗೆ ಹಾಕಬೇಕು. ಎರಡೂ ಕಡಿಮೆ ನೀರಿನಲ್ಲಿ ನೆರಳು ಕೊಡುತ್ತವೆ. ಬೆಂಕಿಯ ಭಯಕ್ಕೆ ಕಟ್ಟಿಸಿದ್ದ ನೀರಿನ ತೊಟ್ಟಿ ಇದ್ದರೆ ಮಳೆನೀರಿಗೆ ಅದೇ ಆಯಿತು. 600 ಮಿ.ಮೀ. ಮಳೆ ಬಿದ್ದ ವರ್ಷ 1000 ಚದರ ಮೀಟರ್ ಚಾವಣಿಯಿಂದ, ಸೋರಿದ್ದು ಆರಿದ್ದು ಕಳೆದರೂ, ನಾಲ್ಕೂವರೆ ಲಕ್ಷ ಲೀಟರಿನಷ್ಟು ಇಳಿಯುತ್ತದೆ.

ಸೌರಫಲಕ ಹಾಕುವ ಮುನ್ನ ಮಾತ್ರ ಎಂಜಿನಿಯರ್ ಏಣಿ ಹತ್ತಲೇಬೇಕು. ತೆಳು ತಗಡು ಹೊರಲೆಂದು ಮಾಡಿದ ತೊಲೆಗಳವು. ಭಾರ ತಾಳಲಾರವು ಎನಿಸಿದರೆ ಫಲಕಗಳನ್ನು ಅಂಗಳದಲ್ಲಿ ಬೈಕು ನಿಲ್ಲಿಸುವ ಕಡೆಯೇ ಚಪ್ಪರದಂತೆ ಕೂರಿಸಬಹುದು.