ಟೈಮಿಂಗ್ ಚೈನ್ ಒಂದೇ ಹಾಕಿದ್ರೆ ಸಾಕಾ?

ಚಿಕ್ಕಪ್ಪನ ಬೈಕಿನ ಎಂಜಿನ್ ಕರಕರ ಅಂತಿತ್ತು. ಕುಮಟೆಯ ಗ್ಯಾರೇಜಿಗೆ ನಾನೂ ಹೋಗಿದ್ದೆ. ಬಿಚ್ಚಿ ನೋಡಿದರೆ ಟೈಮಿಂಗ್ ಚೈನ್ ಸಡಿಲ! ಇದು ಗಾಲಿ ತಿರುಗಿಸುವ ಚೈನ್ ಅಲ್ಲ, ಎಂಜಿನ್ನಿನ ಒಳಗಿರುವುದು. ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಮೇಲಿನ ಕ್ಯಾಮ್ ಒಂದೇ ಸುತ್ತು ತಿರುಗಬೇಕು. ಅದಕ್ಕೇ ಮೇಲಿನ ಚಕ್ರಕ್ಕೆ ಎರಡು ಪಟ್ಟು ಹಲ್ಲು. ಆಗ ಪೆಟ್ರೋಲ್-ಗಾಳಿ ಒಳಬಿಡುವ, ಹೊಗೆ ಹೊರಬಿಡುವ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆಯುತ್ತವೆ.

ದುಡ್ಡು ಉಳೀಲಿ ಅಂತ ಚಿಕ್ಕಪ್ಪ "ಚೈನ್ ಒಂದೇ ಹಾಕು" ಅಂದ. ಮೆಕ್ಯಾನಿಕ್ ಅಣ್ಣ ಹಳೇ ಚಕ್ರ ತೋರಿಸಿದ. ಹಲ್ಲುಗಳು ಸವೆದು ಚೂಪಾಗಿದ್ದವು. ಅದಕ್ಕೆ ಹೊಸ ಚೈನ್ ಹಾಕಿದರೆ ಅದೂ ಬೇಗ ಸವೆಯುತ್ತದೆ. ಚೈನ್ ಹಲ್ಲು ಹಾರಿದರೆ ಪಿಸ್ಟನ್ ವಾಲ್ವಿಗೆ ಬಡಿಯಬಹುದು. ಮೈಸೂರಿನ ಹಳೇ ಯೆಜ್ಡಿಗೆ ಈ ತಾಪತ್ರಯವಿಲ್ಲ, ಅದು ಟೂ ಸ್ಟ್ರೋಕ್!

ಚಿಕ್ಕಪ್ಪ ಗೊಣಗುತ್ತಲೇ ಚೈನ್, ಚಕ್ರ, ಟೆನ್ಷನರ್ ಮೂರೂ ಹಾಕಿಸಿದ.