ಲೆಕ್ಕ ಸರಿ, ಉತ್ತರ ಸರಿಯೇ?

ಒಂದು ಸೇನಾ ಬಸ್ಸಿನಲ್ಲಿ 36 ಸೈನಿಕರು ಕುಳಿತುಕೊಳ್ಳಬಹುದು. 1,128 ಸೈನಿಕರನ್ನು ತರಬೇತಿಯ ಸ್ಥಳಕ್ಕೆ ಕರೆದೊಯ್ಯಲು ಎಷ್ಟು ಬಸ್ಸುಗಳು ಬೇಕು? ಅಮೆರಿಕದ ರಾಷ್ಟ್ರೀಯ ಶೈಕ್ಷಣಿಕ ಪ್ರಗತಿ ಸಮೀಕ್ಷೆಯಲ್ಲಿ 13 ವರ್ಷದ ಮಕ್ಕಳಿಗೆ ಕೇಳಿದ ಈ ಪ್ರಶ್ನೆಯ ಫಲಿತಾಂಶ 1983ರಲ್ಲಿ ಪ್ರಕಟವಾಯಿತು. ಸುಮಾರು ಶೇ. 70ರಷ್ಟು ಮಕ್ಕಳು ಭಾಗಾಕಾರವನ್ನು ಸರಿಯಾಗಿಯೇ ಮಾಡಿದ್ದರು. ಆದರೆ ಶೇ. 29 ಮಂದಿ ‘31, ಶೇಷ 12’ ಎಂದು ಬರೆದರು. ಶೇ. 18 ಮಂದಿಯ ಉತ್ತರ 31. ಸರಿಯುತ್ತರವಾದ 32 ಬರೆದವರು ಶೇ. 23 ಮಾತ್ರ. ಶೇಷ 12 ಎಂದರೆ ಬಸ್ಸು ಸಿಗದೆ ರಸ್ತೆಯಲ್ಲೇ ಉಳಿದ ಹನ್ನೆರಡು ಜನ ಎಂಬುದು ಬಹುಪಾಲು ಮಕ್ಕಳಿಗೆ ಹೊಳೆಯಲೇ ಇಲ್ಲ.

ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತದಲ್ಲಿ ನಡೆದ, 1994ರಲ್ಲಿ ಪ್ರಕಟವಾದ ಅಧ್ಯಯನವೊಂದೂ ಇದನ್ನೇ ಹೇಳುತ್ತದೆ. 100 ಮೀಟರನ್ನು 17 ಸೆಕೆಂಡಿನಲ್ಲಿ ಓಡುವ ಹುಡುಗ ಒಂದು ಕಿಲೋಮೀಟರ್ ಓಡಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ ಎಂಬ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ 170 ಸೆಕೆಂಡು ಎಂದುಬಿಟ್ಟರು. ಓಡಿದಂತೆ ದಣಿವಾಗುತ್ತದೆ ಎಂಬುದು ಆ ಮಕ್ಕಳಿಗೆ ತಿಳಿಯದ ಸಂಗತಿಯೇನಲ್ಲ. ಗಣಿತದ ತರಗತಿಯಲ್ಲಿ ಅದನ್ನು ಹೇಳಬಹುದೆಂದು ಅವರಿಗೆ ತೋರಲಿಲ್ಲ, ಅಷ್ಟೆ.

ಹಾಗೆ ತೋರದಿರಲು ನಾವು ಅಂಕ ಕೊಡುವ ರೀತಿಯೂ ಒಂದು ಕಾರಣ. ಸೂತ್ರಕ್ಕೆ ಇಷ್ಟು, ಬೆಲೆ ಆದೇಶಿಸಿದ್ದಕ್ಕೆ ಇಷ್ಟು, ಸುಲಭೀಕರಿಸಿದ್ದಕ್ಕೆ ಇಷ್ಟು ಎಂದು ಹಂಚುವ ಮಾದರಿ ಉತ್ತರದಲ್ಲಿ ‘31, ಶೇಷ 12’ ಬರೆದವನಿಗೆ ಮುಕ್ಕಾಲು ಪಾಲು ಅಂಕ ಸಿಗುತ್ತದೆ. ‘31 ಬಸ್ಸು; ಉಳಿದ 12 ಜನರಿಗೆ ಒಂದು ವ್ಯಾನು ಸಾಕು’ ಎಂದು ಯೋಚಿಸಿ ಬರೆದವಳ ಉತ್ತರ ಕೀಲಿಯಲ್ಲಿ ಇರುವುದೇ ಇಲ್ಲ. ಅಂಕ ಎಲ್ಲಿದೆಯೋ ವಿದ್ಯಾರ್ಥಿಯ ಗಮನ ಅಲ್ಲಿರುತ್ತದೆ. ಆದ್ದರಿಂದ ಸಂಖ್ಯೆಯನ್ನು ಅರ್ಥೈಸುವ ಕೆಲಸಕ್ಕೂ ಪ್ರತ್ಯೇಕ ಅಂಕವಿರಬೇಕು.

ಒಂದು ಪ್ರಶ್ನೆ, ಮೂರು ಉತ್ತರ

9ನೆಯ ತರಗತಿಗೆ ಹೊಂದುವ ನಾಲ್ಕು ಅಂಕದ ಪ್ರಶ್ನೆಯೊಂದನ್ನು ನೋಡೋಣ. ‘10 ಮೀಟರ್ ಉದ್ದ, 8 ಮೀಟರ್ ಅಗಲದ ತಾರಸಿಯ ಮೇಲೆ 25 ಮಿ.ಮೀ. ಮಳೆ ಸುರಿಯಿತು. ಈ ನೀರಿನಿಂದ 15 ಲೀಟರಿನ ಎಷ್ಟು ಕೊಡಗಳನ್ನು ಪೂರ್ತಿ ತುಂಬಬಹುದು? ನೀವು ಏನನ್ನು ಊಹಿಸಿಕೊಂಡಿದ್ದೀರಿ, ಉತ್ತರ ಏಕೆ ಸರಿ ಎನಿಸುತ್ತದೆ ಎಂಬುದನ್ನೂ ಬರೆಯಿರಿ.’

ನಾಲ್ಕು ಅಂಕಗಳನ್ನು ಹೀಗೆ ಹಂಚಬಹುದು:

1. ಸಂದರ್ಭವನ್ನು ಗಣಿತಕ್ಕೆ ಇಳಿಸುವುದು: ನೀರಿನ ಗಾತ್ರ = ತಾರಸಿಯ ವಿಸ್ತೀರ್ಣ × ಮಳೆಯ ಎತ್ತರ.
2. ಏಕಮಾನಗಳ ಪರಿವರ್ತನೆ ಮತ್ತು ಲೆಕ್ಕಾಚಾರ.
3. ಬಂದ ಸಂಖ್ಯೆಯನ್ನು ಸಂದರ್ಭಕ್ಕೆ ತಕ್ಕಂತೆ ಅರ್ಥೈಸುವುದು.
4. ಊಹೆಯನ್ನು ತಿಳಿಸಿ, ಉತ್ತರ ನಂಬುವಂತಿದೆಯೇ ಎಂದು ಪರಿಶೀಲಿಸುವುದು.

ಈಗ ಮೂರು ಉತ್ತರಗಳನ್ನು ಗಮನಿಸಿ.

ಮೊದಲ ವಿದ್ಯಾರ್ಥಿ: 80 × 0.025 = 2 ಘನ ಮೀಟರ್, ಅಂದರೆ 2,000 ಲೀಟರ್. 2,000 ÷ 15 = 133.33. ‘ಉತ್ತರ: 133.33 ಕೊಡ.’ ಮೊದಲ ಎರಡು ಅಂಶಗಳಿಗೆ ಅಂಕವಿದೆ, ಉಳಿದೆರಡಕ್ಕೆ ಇಲ್ಲ. ಒಟ್ಟು 2.

ಎರಡನೆಯ ವಿದ್ಯಾರ್ಥಿ: 25 ಮಿ.ಮೀ. = 2.5 ಮೀಟರ್ ಎಂದು ತಪ್ಪಾಗಿ ಪರಿವರ್ತಿಸಿ, 200 ಘನ ಮೀಟರ್ ನೀರು, 13,333 ಕೊಡ ಎಂದಿದ್ದಾನೆ. ವಿಧಾನ ಸರಿ, ಲೆಕ್ಕ ತಪ್ಪು, ದಶಮಾಂಶವನ್ನು ಬಿಟ್ಟು ಪೂರ್ಣ ಕೊಡಗಳನ್ನು ಎಣಿಸಿದ್ದು ಸರಿ. ಒಮ್ಮೆ ಅಂಕ ಕಳೆದ ತಪ್ಪಿಗೆ ಮುಂದಿನ ಹಂತದಲ್ಲಿ ಮತ್ತೆ ಕಳೆಯಬಾರದು. ಆದರೆ ಆಳೆತ್ತರವನ್ನು ಮೀರಿ ತಾರಸಿಯ ಮೇಲೆ ನೀರು ನಿಂತೀತೇ ಎಂದು ಅವನು ಕೇಳಿಕೊಂಡಿಲ್ಲ. ಇವನಿಗೂ 2.

ಮೂರನೆಯ ವಿದ್ಯಾರ್ಥಿನಿ: ‘ಎಲ್ಲ ನೀರೂ ಕೈಗೆ ಸಿಗದು. ಐದರಲ್ಲಿ ಒಂದು ಪಾಲು ಹಾಳಾಗುತ್ತದೆ ಎಂದುಕೊಂಡರೆ ಉಳಿಯುವುದು 1,600 ಲೀಟರ್. 106 ಕೊಡ ತುಂಬುತ್ತವೆ. 1 ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರ್. ಆದ್ದರಿಂದ ಸುರಿದದ್ದು 80 × 25 ಲೀಟರ್ ಎಂಬುದು ಸರಿಯಿದೆ.’ ಕೀಲಿಯಲ್ಲಿರುವ 133ನ್ನು ಮಾತ್ರ ಹುಡುಕುವ ಕಣ್ಣಿಗೆ ಇದು ತಪ್ಪು. ನಮ್ಮ ಹಂಚಿಕೆಯಲ್ಲಿ 4ಕ್ಕೆ 4. ನಷ್ಟವಿಲ್ಲವೆಂದು ಊಹಿಸಿ, ಅದನ್ನು ಹೇಳಿ, ಪರಿಶೀಲಿಸಿ 133 ಎಂದವರಿಗೂ 4 ಸಲ್ಲಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ‘2,000 ಲೀಟರನ್ನೂ ಹಿಡಿದಿಡಲು ಎಷ್ಟು ಕೊಡ ಬೇಕು?’ ಎಂದು ಕೇಳಿದ್ದರೆ ಉತ್ತರ 134. ಭಾಗಾಕಾರ ಅದೇ, ಅರ್ಥ ಬೇರೆ.

ಮೊತ್ತ ಹೇಳದ ಸಂಗತಿ

ಮೊದಲಿನ ಇಬ್ಬರಿಗೂ ಬಂದದ್ದು ಎರಡೇ ಅಂಕ. ಆದರೆ ಕೊರತೆ ಒಂದೇ ಅಲ್ಲ. ಒಬ್ಬನಿಗೆ ಅರ್ಥೈಸುವ ಅಭ್ಯಾಸ ಬೇಕು, ಇನ್ನೊಬ್ಬನಿಗೆ ಏಕಮಾನಗಳ ಅಭ್ಯಾಸ. ಮೊತ್ತವನ್ನಷ್ಟೇ ಬರೆದಿಟ್ಟರೆ ಇದು ಕಾಣದು. 1995ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಗಣಿತ-ವಿಜ್ಞಾನ ಸಮೀಕ್ಷೆ ‘ಟಿಮ್ಸ್’, ಬರವಣಿಗೆಯ ಉತ್ತರಗಳಿಗೆ ಎರಡಂಕಿಯ ಸಂಕೇತ ಕೊಡುವ ಕ್ರಮವನ್ನು ಇದಕ್ಕಾಗಿಯೇ ಬಳಸಿತು. ಮೊದಲ ಅಂಕಿ ಉತ್ತರ ಎಷ್ಟು ಸರಿ ಎಂಬುದನ್ನೂ, ಎರಡನೆಯದು ವಿದ್ಯಾರ್ಥಿ ಹಿಡಿದ ದಾರಿ ಅಥವಾ ಮಾಡಿದ ತಪ್ಪಿನ ಬಗೆಯನ್ನೂ ಸೂಚಿಸುತ್ತದೆ. ನಮ್ಮ ಅಂಕಪುಸ್ತಕದಲ್ಲಿ 1-1-0-0, 1-0-1-0 ಎಂದು ಬರೆದುಕೊಂಡರೂ ಸಾಕು.

ಮೂರು ಎಚ್ಚರಿಕೆಗಳು ಅಗತ್ಯ. ಊಹೆಗೆ ಅಂಕವಿದ್ದರೆ ಅದನ್ನು ಪ್ರಶ್ನೆಯಲ್ಲೇ ತಿಳಿಸಬೇಕು. ಕೇಳದೆ ಕಳೆಯುವುದು ನ್ಯಾಯವಲ್ಲ. ‘ನನ್ನ ಉತ್ತರ ವಾಸ್ತವಿಕವಾಗಿದೆ’ ಎಂಬ ಬಾಯಿಪಾಠದ ವಾಕ್ಯಕ್ಕೆ ಅಂಕ ಬೇಡ, ಕಾರಣವಿರಬೇಕು. ಇನ್ನು, ಇಂಥ ಉತ್ತರಗಳಲ್ಲಿ ಇಬ್ಬರು ಶಿಕ್ಷಕರ ಅಂಕ ಸುಲಭವಾಗಿ ಬೇರೆಯಾಗುತ್ತದೆ. ಮೊದಲು ಹತ್ತು ಉತ್ತರಪತ್ರಿಕೆಗಳನ್ನು ಇಬ್ಬರೂ ಪ್ರತ್ಯೇಕವಾಗಿ ತಿದ್ದಿ ಹೋಲಿಸಿದರೆ ಹಂಚಿಕೆಯಲ್ಲಿ ಎಲ್ಲಿ ಸ್ಪಷ್ಟತೆ ಇಲ್ಲವೆಂಬುದು ತಿಳಿಯುತ್ತದೆ.

ಪ್ರೌಢಶಾಲೆಯಲ್ಲಿ ರೂಢಿಯಾಗದ ಈ ಅಭ್ಯಾಸ ಕಾಲೇಜಿನ ಪ್ರಯೋಗಶಾಲೆಯಲ್ಲೂ ತಾನಾಗಿ ಬರುವುದಿಲ್ಲ. ತಂತಿಯ ವ್ಯಾಸವನ್ನು ಸ್ಕ್ರೂಗೇಜಿನಿಂದ 0.01 ಮಿ.ಮೀ.ವರೆಗೆ ಅಳೆದು, ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಕ್ಯಾಲ್ಕುಲೇಟರ್ ತೋರಿಸಿದ ಎಂಟು ಅಂಕಿಗಳಲ್ಲಿ ಬರೆಯುವ ಪದವಿ ವಿದ್ಯಾರ್ಥಿ ಮಾಡುವುದೂ ‘31, ಶೇಷ 12’ರ ಕೆಲಸವನ್ನೇ. ಔಷಧದ ಪ್ರಮಾಣ, ಸಾಲದ ಬಡ್ಡಿ, ವಿದ್ಯುತ್ ಬಿಲ್ಲುಗಳ ಮುಂದೆ ಅವನಿಗೆ ನೆರವಾಗುವುದು ಬಂದ ಸಂಖ್ಯೆಯನ್ನು ಅನುಮಾನಿಸುವ ಗುಣ. ಮುಂದಿನ ಕಿರುಪರೀಕ್ಷೆಯಲ್ಲಿ ಇಂಥ ಒಂದೇ ಒಂದು ಪ್ರಶ್ನೆಯನ್ನು ಹಾಕಿ, ನಾಲ್ಕು ಅಂಶಗಳಲ್ಲಿ ತಿದ್ದಿ ನೋಡಿ. ಯಾರಿಗೆ ಏನನ್ನು ಮತ್ತೆ ಕಲಿಸಬೇಕೆಂಬುದು ಆ ಉತ್ತರಗಳಿಂದಲೇ ತಿಳಿಯುತ್ತದೆ.